ಗಾಳ ಹಾಕುವವರ ಲೆಕ್ಕದ ಪುಸ್ತಕ



ಜೂನ್ ತಿಂಗಳ ನಡುಹೊತ್ತು. ಕನಕುಂಬಿ, ಖಾನಾಪುರದ ಕಡೆ ಮಳೆ ಹಿಡಿದು ನಾಲ್ಕೈದು ದಿನವಾಗಿರುತ್ತದೆ. ಬೈಲಹೊಂಗಲ, ಸವದತ್ತಿಯ ಕಡೆ ಇನ್ನೂ ಹದಮಳೆ ಬಿದ್ದಿರುವುದಿಲ್ಲ. ಆದರೂ ಮಲಪ್ರಭೆಯ ನೀರು ಬೆಳಗಾಗುವುದರೊಳಗೆ ಕೆಂಪಗಾಗಿ ಬಿಡುತ್ತದೆ. ಹೊಸ ನೀರು ಬಂತೆಂಬ ಸುದ್ದಿ ದಂಡೆಯ ಊರುಗಳಿಗೆಲ್ಲ ಹಬ್ಬುತ್ತದೆ. ನಮಗಿಂತ ಮೊದಲು ಆ ಸುದ್ದಿ ಮೀನಿಗೆ ಮುಟ್ಟಿರುತ್ತದೆ. ಸವದತ್ತಿಯ ರೇಣುಕಾಸಾಗರ ಜಲಾಶಯದ ನಿಂತ ನೀರಿನಲ್ಲಿ ಬೇಸಿಗೆ ಕಳೆದ ರೋಹು, ಮೃಗಾಲ್, ಬಾಳೆ ಮೀನು, ಸಣ್ಣ ಸಣ್ಣ ಪಕ್ಕೆಗಳು ಹರಿವಿಗೆ ಎದುರಾಗಿ ಮೇಲಕ್ಕೆ ಹೊರಡುತ್ತವೆ. ಹೊಟ್ಟೆ ತುಂಬ ತತ್ತಿ ಹೊತ್ತುಕೊಂಡು, ಅದನ್ನು ಇಳಿಸಲು ಹರಿಯುವ ನೀರು, ತೆಳ್ಳನೆಯ ಜಾಗ ಹುಡುಕಿಕೊಂಡು ಹೊರಡುತ್ತವೆ.

ಅದೇ ಹೊತ್ತಿಗೆ ದಂಡೆಯ ಮೇಲೆ ಮಂದಿ ಸೇರುತ್ತಾರೆ. ಗಾಳ ತಂದವರು, ಬೀಸುಬಲೆ ತಂದವರು, ಏನೂ ಇಲ್ಲದೆ ಸೊಳ್ಳೆಪರದೆ ಹಿಡಿದುಕೊಂಡು ಬಂದವರು. ವರ್ಷದ ಉಳಿದ ಹನ್ನೊಂದು ತಿಂಗಳು ಆಳದಲ್ಲಿ ಇರುವ ದೊಡ್ಡ ಮೀನು ಆ ಕೆಲವು ದಿನ ಮೊಣಕಾಲುದ್ದದ ನೀರಿಗೆ ಬಂದಿರುತ್ತದೆ. ಹಿಡಿಯುವುದು ಸುಲಭ. ಹಿಡಿದ ಮೀನನ್ನು ಕೊಯ್ದಾಗ ಅಂಗೈ ತುಂಬ ತತ್ತಿ ಸಿಗುತ್ತದೆ. ರೋಹು ಮೀನಿನ ಒಂದು ಕಿಲೋ ತೂಕಕ್ಕೆ ಲಕ್ಷಕ್ಕೂ ಮಿಕ್ಕಿ ತತ್ತಿ ಇರುತ್ತವೆ ಎಂಬುದನ್ನು ನೆನೆದರೆ, ಆ ದಿನ ನಾವು ಮನೆಗೆ ಒಯ್ದದ್ದು ಒಂದು ಮೀನನ್ನಲ್ಲ.

ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಇದರ ಬಗ್ಗೆ: ನಮ್ಮ ಹೊಳೆಯಲ್ಲಿ, ನಮ್ಮ ಹಿನ್ನೀರಿನಲ್ಲಿ ಮೀನಿನ ಹಿಂಡು ಎಷ್ಟಿದೆ, ಯಾವುದು ಹೆಚ್ಚುತ್ತಿದೆ, ಯಾವುದು ಸದ್ದಿಲ್ಲದೆ ಕಡಿಮೆಯಾಗುತ್ತಿದೆ ಎಂಬುದನ್ನು ಬರೆದಿಡುವವರು ಯಾರು?

ಕನಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವ ತನಕ ಮಲಪ್ರಭೆ ಹರಿಯುವುದು 304 ಕಿಲೋಮೀಟರ್. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲ್ಲೂಕುಗಳ ಮಂದಿ ಅದನ್ನು ನೋಡುವುದು ನಾಲ್ಕು ಬಗೆಯಲ್ಲಿ. ಕಿತ್ತೂರು ತಾಲ್ಲೂಕಿನ ಎಂ.ಕೆ. ಹುಬ್ಬಳ್ಳಿಯಲ್ಲಿ ಅದು ಗಂಗಾಂಬಿಕೆಯ ಐಕ್ಯಮಂಟಪವನ್ನು ಸುತ್ತಿ ಹರಿಯುವ ಹೊಳೆ. ಬೈಲಹೊಂಗಲದ ಎರೆಭೂಮಿಯಲ್ಲಿ ಅದು ಕಬ್ಬಿನ ಗದ್ದೆಗೆ ಪಂಪ್‌ಸೆಟ್ ಕೂಡಿಸುವ ಹೊಳೆ. ಸವದತ್ತಿಗೆ ಬಂದಾಗ ಅದು ಸಮುದ್ರದಂತೆ ಹರಡಿ ನಿಲ್ಲುತ್ತದೆ. ನವಿಲುತೀರ್ಥದ ಬಳಿ ಹೊಳೆ ಗುಡ್ಡವನ್ನು ಸೀಳಿಕೊಂಡು ಹೋದ ಇಕ್ಕಟ್ಟಿನಲ್ಲೇ 1970ರ ದಶಕದಲ್ಲಿ ಆಣೆಕಟ್ಟು ಎದ್ದಿತು. 2079.50 ಅಡಿಗೆ ನೀರು ಬಂದರೆ ಜಲಾಶಯ ಭರ್ತಿ, ಒಟ್ಟು 37.73 ಟಿಎಂಸಿ. ಹುಬ್ಬಳ್ಳಿ-ಧಾರವಾಡದ ಮನೆಗಳ ನಲ್ಲಿಗೆ ಬರುವುದೂ ಇದೇ ನೀರು. ಇನ್ನು ರಾಮದುರ್ಗದವರಿಗೆ ಹೊಳೆ ಎಂದರೆ ಆಣೆಕಟ್ಟಿನವರು ಬಿಟ್ಟಾಗ ಬರುವ ನೀರು. ಬಿಡದಿದ್ದಾಗ ಅಲ್ಲಲ್ಲಿ ಮಡು, ನಡುವೆ ಬರೀ ಉಸುಕು. ಬಿಟ್ಟಾಗ 2019ರ ಆಗಸ್ಟಿನಂತೆ ಊರೊಳಗೇ ಹೊಕ್ಕ ಮಹಾಪೂರ.

ನಮಗೆ ನಾಲ್ಕು ತಾಲ್ಲೂಕು, ಮೀನಿಗೆ ಒಂದೇ ಹೊಳೆ. ಸವದತ್ತಿಯ ಹಿನ್ನೀರಿನಲ್ಲಿ ಮೇಯುವ ಮೀನು ತತ್ತಿ ಇಡಲು ಮೇಲಿನ ಹೊಳೆಗೆ ಬರಬೇಕು. ಆದ್ದರಿಂದ ಬೈಲಹೊಂಗಲದ ದಂಡೆಯಲ್ಲಿ ಜೂನಿನಲ್ಲಿ ಹಿಡಿದ ಮೀನು ಸವದತ್ತಿಯ ಬಲೆಗಾರನ ಮುಂದಿನ ವರ್ಷದ ದುಡಿಮೆ. ರಾಮದುರ್ಗದ ಮಡುವಿನ ಮೀನಿಗಂತೂ ಆಣೆಕಟ್ಟನ್ನು ಏರಿ ಬರುವ ದಾರಿಯೇ ಇಲ್ಲ. ಬೇಸಿಗೆಯಲ್ಲಿ ಮಡು ಕಿರಿದಾದಂತೆ ಅದು ಸಿಕ್ಕಿಬಿದ್ದ ಮೀನು. ಅಲ್ಲಿ ಯಾರೋ ಒಬ್ಬರು ನಂಜು ಹಾಕಿದರೆ, ಸಿಡಿಮದ್ದು ಒಗೆದರೆ, ಒಂದು ಮಧ್ಯಾಹ್ನದಲ್ಲಿ ಆ ಮಡುವಿನ ಸಂತಾನವೇ ಮುಗಿಯುತ್ತದೆ. ಈ ಎರಡನ್ನೂ 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧ ಎಂದಿತ್ತು.

ಮೀನು ಹಿಡಿಯುವವರಲ್ಲಿ ಹೊಟ್ಟೆಪಾಡಿಗೆ ಹಿಡಿಯುವವರು ಒಂದು ಕಡೆ. ಅಂಬಿಗ, ಗಂಗಾಮತ, ಬೆಸ್ತ ಮನೆತನದವರು ತಲೆತಲಾಂತರದಿಂದ ಹರಿಗೋಲಿಗೆ ಹುಟ್ಟು ಹಾಕಿ ಬದುಕಿದವರು. ಇವರ ಮೀನು ಸೊಸೈಟಿಗೋ ವ್ಯಾಪಾರಿಯ ತಕ್ಕಡಿಗೋ ಏರುತ್ತದೆ. ಪರವಾನಗಿ, ಬಿತ್ತಿದ ಮರಿಯ ಲೆಕ್ಕ, ಏನಾದರೊಂದು ಕಾಗದ ಇರುತ್ತದೆ. ಇನ್ನೊಂದು ಕಡೆ ರಜೆಯ ದಿನ ಗಾಳ ತಗೊಂಡು ಬರುವವರು. ಮಾಸ್ತರರು, ಬ್ಯಾಂಕಿನವರು, ಕಾಲೇಜು ಹುಡುಗರು. ಹಿಂದೆ ಬಿದಿರುಕೋಲು, ಎರೆಹುಳ, ಜೋಳದ ಹಿಟ್ಟಿನ ಉಂಡೆ ಸಾಕಾಗುತ್ತಿತ್ತು. ಈಗ ಆನ್‌ಲೈನಿನಲ್ಲಿ ತರಿಸಿದ ರೀಲು, ಫೈಬರಿನ ಕೋಲು, ಹೊಳೆಯುವ ಹುಸಿಮೀನು. ಹಿಡಿದ ಮೀನನ್ನು ಎತ್ತಿ ಹಿಡಿದು ಫೋಟೊ ತೆಗೆದು, ಸಂಜೆಯೊಳಗೆ ಹತ್ತು ಗುಂಪುಗಳಿಗೆ ಕಳಿಸಿರುತ್ತಾರೆ. ಇವರ ಮೀನು ಯಾವ ದಫ್ತರಕ್ಕೂ ಏರುವುದಿಲ್ಲ. ಒಬ್ಬೊಬ್ಬರು ಹಿಡಿಯುವುದು ಸ್ವಲ್ಪವೇ. ಆದರೆ ಸ್ವಲ್ಪ ಸ್ವಲ್ಪ ಸೇರಿದರೆ ಎಷ್ಟಾಗುತ್ತದೆ ಎಂಬುದನ್ನು ಸ್ಟೀವನ್ ಕುಕ್ ಮತ್ತು ಇಯಾನ್ ಕಾಕ್ಸ್ ಎಂಬ ವಿಜ್ಞಾನಿಗಳು 2004ರಲ್ಲಿ ಅಂದಾಜು ಮಾಡಿದರು: ಜಗತ್ತಿನಲ್ಲಿ ಹಿಡಿಯುವ ಮೀನಿನಲ್ಲಿ ನೂರಕ್ಕೆ ಸುಮಾರು 12 ಪಾಲು ಹವ್ಯಾಸದ ಗಾಳಕ್ಕೆ ಬೀಳುತ್ತಿರಬಹುದು ಎಂದು.

ಗಾಳ ಹಾಕುವವರನ್ನು ನಾನು ದೂರುತ್ತಿಲ್ಲ. ಈ ನಾಡಿನಲ್ಲಿ ಅದು ನಿನ್ನೆ ಮೊನ್ನೆ ಬಂದ ಶೋಕಿಯೂ ಅಲ್ಲ. ಸವದತ್ತಿಯನ್ನು ಆಳಿದ ರಟ್ಟರು ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ಆ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಅಧ್ಯಾಯವೇ ಇದೆ. ಅರಸನ ವಿನೋದಗಳಲ್ಲಿ ಗಾಳ ಹಾಕುವುದೂ ಒಂದು. ಸುಮಾರು 35 ಬಗೆಯ ಮೀನುಗಳು, ಅವು ಇರುವ ನೀರು, ಯಾವುದಕ್ಕೆ ಯಾವ ತಿನಿಸು, ದಾರ ಎಂಥದು, ಕೋಲು ಎಂಥದು ಎಂಬುದನ್ನೆಲ್ಲ ಅಲ್ಲಿ ಹೇಳಿದೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಮೇಲೆ ಲೇಖನ ಬರೆದು ವಿದ್ವಾಂಸರ ಗಮನಕ್ಕೆ ತಂದರು. ನನಗೆ ಆ ಅಧ್ಯಾಯದಲ್ಲಿ ಹಿಡಿಸುವುದು ಮೀನು ಹಿಡಿಯುವ ಜಾಣ್ಮೆಗಿಂತ ಅದರ ಹಿಂದಿನ ನೋಟ. ಗಾಳ ಹಾಕುವವನು ಮೀನನ್ನು ಹೆಸರು ಹಿಡಿದು ಗುರುತಿಸಬೇಕು, ಅದರ ಊಟ ತಿಳಿದಿರಬೇಕು, ಅದರ ನೀರು ತಿಳಿದಿರಬೇಕು. ಹಾಗೆ ತಿಳಿದವನೇ ಮೀನಿನ ಲೆಕ್ಕವನ್ನೂ ಇಡಬಲ್ಲ.

ಆದರೆ ಲೆಕ್ಕ ಇಡುವುದು ಹೇಗೆ? ದನವನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ ಎಣಿಸಬಹುದು, ಮೀನನ್ನು ಎಣಿಸಲಾಗದು. ಅದಕ್ಕೆ ಹಿಡಿದದ್ದರಿಂದ ಉಳಿದದ್ದನ್ನು ಊಹಿಸುವ ದಾರಿಗಳಿವೆ. ಒಂದು ಗುರುತು ಹಾಕಿ ಬಿಡುವುದು. ಕೆರೆಯಿಂದ 100 ಮೀನು ಹಿಡಿದು ರೆಕ್ಕೆಗೆ ಸಣ್ಣ ಗುರುತು ಮಾಡಿ ಬಿಟ್ಟಿರಿ ಎನ್ನಿ. ಅವು ಉಳಿದವುಗಳೊಡನೆ ಬೆರೆತ ಮೇಲೆ ಮತ್ತೆ 100 ಹಿಡಿದಾಗ ಗುರುತಿನವು 5 ಮಾತ್ರ ಸಿಕ್ಕರೆ, ಆ ಕೆರೆಯಲ್ಲಿ ಹೆಚ್ಚುಕಡಿಮೆ 2000 ಮೀನು ಇವೆ. ಕಿತ್ತೂರಿನ ಕೆರೆಗಳಂಥ ಸಣ್ಣ ನೀರಿಗೆ ಇದು ಒಗ್ಗುತ್ತದೆ. ರೇಣುಕಾಸಾಗರದಂಥ, ಭರ್ತಿಯಾದಾಗ ಹತ್ತು ಸಾವಿರ ಹೆಕ್ಟೇರಿಗೂ ಮಿಕ್ಕಿ ಹರಡುವ ನೀರಿಗೆ ಇದೊಂದೇ ಸಾಲದು. ಅಲ್ಲಿ ನೋಡಬೇಕಾದದ್ದು ಶ್ರಮಕ್ಕೆ ತಕ್ಕ ಫಲ ಎಷ್ಟು ಎಂಬುದನ್ನು. ಇಷ್ಟು ತಾಸು ಗಾಳ ಹಾಕಿದ್ದಕ್ಕೆ ಇಷ್ಟು ಮೀನು, ಇಂಥ ಜಾತಿ, ಇಷ್ಟುದ್ದ. ಒಂದು ದಿನದ ಲೆಕ್ಕಕ್ಕೆ ಅರ್ಥವಿಲ್ಲ. ಐದು ವರ್ಷದ ಲೆಕ್ಕ ಮಾತ್ರ ನಿಜ ಹೇಳುತ್ತದೆ.

ನಮ್ಮ ಕರಾವಳಿಯಲ್ಲಿ ಈ ಕೆಲಸ ನಡೆದುಕೊಂಡು ಬಂದಿದೆ. 1947ರಲ್ಲಿ ಆರಂಭವಾದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ದಕ್ಕೆಗಳಲ್ಲಿ ನಿಂತು, ದೋಣಿಯಿಂದ ಇಳಿಯುವ ಬಂಗಡೆ, ತಾರ್ಲೆಯನ್ನು ಮಾದರಿಗೆ ತೆಗೆದು ಅಳೆಯುತ್ತಾರೆ, ತೂಗುತ್ತಾರೆ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅದು ಬೆಸ್ತರ ಹೊಟ್ಟೆಯ ಮೇಲೆ ಬೀಳುವ ನಿಯಮವಾದರೂ ಕಡಲ ಮಂದಿ ಅದಕ್ಕೆ ಒಗ್ಗಿಕೊಂಡಿದ್ದಾರೆ. ಒಳನಾಡಿನ ನಾವು ಅದೇ ಜೂನಿನಲ್ಲಿ ಹೊಸ ನೀರಿಗೆ ಬಲೆ ಬೀಸಲು ಓಡುತ್ತೇವೆ.

ಇನ್ನು ಕಾವೇರಿಯ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಕಾವೇರಿಯಲ್ಲಿ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಎಂಬಲ್ಲಿ ಗಾಳ ಹಾಕುವವರ ಶಿಬಿರಗಳಿದ್ದವು. ಜಗತ್ತಿನ ನಾನಾ ಕಡೆಯಿಂದ ಮಂದಿ ಬರುತ್ತಿದ್ದದ್ದು ಒಂದು ಮೀನಿಗಾಗಿ: ಮಹಶೀರ್. ಬೆನ್ನು ಗೂನಾದ, ರೆಕ್ಕೆ ಕಿತ್ತಳೆ ಬಣ್ಣದ ಆ ಮೀನು ಆಳೆತ್ತರ ಬೆಳೆಯುವಂಥದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡು, ಅಂದರೆ 54 ಕಿಲೋ ತೂಗಿತ್ತು. ಶಿಬಿರದಲ್ಲಿ ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವುದು ಕಟ್ಟುಪಾಡು. ಬಿಡುವ ಮುನ್ನ ತೂಕ, ದಿನ, ಎಷ್ಟು ತಾಸು ಗಾಳ ಹಾಕಿದೆವು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಯಾವ ಸಂಶೋಧನೆಗೂ ಅಲ್ಲ, ತಮ್ಮ ಸಂತೋಷಕ್ಕೆ.

ಮುಂದೆ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಅವರ ಜೊತೆಗಾರ ವಿಜ್ಞಾನಿಗಳು ಗಾಲಿಬೋರೆಯ ಪುಸ್ತಕಗಳನ್ನು ತೆರೆದು ಕೂತರು. 1998ರಿಂದ 2012ರ ವರೆಗಿನ ಬರಹ, ಇಪ್ಪತ್ತು ಸಾವಿರ ತಾಸಿಗೂ ಮಿಕ್ಕಿದ ಗಾಳದ ಲೆಕ್ಕ. ಮೊದಲ ನೋಟಕ್ಕೆ ಅದು ಸಂತೋಷದ ಸುದ್ದಿ: ವರ್ಷದಿಂದ ವರ್ಷಕ್ಕೆ ತಾಸಿಗೆ ಬೀಳುವ ಮೀನಿನ ಸಂಖ್ಯೆ ಹೆಚ್ಚಾಗಿತ್ತು. ಆದರೆ ಮೀನಿನ ಸರಾಸರಿ ತೂಕ ಇಳಿಯುತ್ತ ಬಂದಿತ್ತು. ಇನ್ನೂ ಒಳಹೊಕ್ಕು ನೋಡಿದಾಗ, ಹೆಚ್ಚಾಗಿದ್ದದ್ದು ನೀಲಿ ರೆಕ್ಕೆಯ ಬೇರೊಂದು ಮಹಶೀರ್; ಕಾವೇರಿಯದೇ ಆದ ಗೂನುಬೆನ್ನಿನದು ಕಡಿಮೆಯಾಗುತ್ತ, ಇಲ್ಲವಾಗುವ ಹಂತಕ್ಕೆ ಬಂದಿತ್ತು. ಎಲ್ಲರ ಕಣ್ಣೆದುರಿಗೆ, ಅದರ ಭಕ್ತರ ಕೈಯಲ್ಲೇ, ಯಾರಿಗೂ ತಿಳಿಯದಂತೆ. ಜಗತ್ಪ್ರಸಿದ್ಧವಾದ ಆ ಮೀನಿಗೆ ಆಗ ಶಾಸ್ತ್ರದಲ್ಲಿ ಸರಿಯಾದ ಹೆಸರೂ ಗೊತ್ತಾಗಿರಲಿಲ್ಲ. ಅದು ಟಾರ್ ರೆಮಾದೇವಿ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಅದು ಸೇರಿತು.

ನೀಲಿ ರೆಕ್ಕೆಯ ಆ ಇನ್ನೊಂದು ಮೀನು ಎಲ್ಲಿಂದ ಬಂತು ಗೊತ್ತೇ? ನಮ್ಮ ಕಡೆಯಿಂದ. ಅದು ಟಾರ್ ಖುದ್ರಿ, ದಖ್ಖನಿನ ಮಹಶೀರ್, ಕೃಷ್ಣಾ ಕಣಿವೆಯ ಮೂಲ ನಿವಾಸಿ. ಕರ್ನಲ್ ಸೈಕ್ಸ್ ಪುಣೆಯ ಸುತ್ತಿನ ಹೊಳೆಗಳಲ್ಲಿ ಬೆಸ್ತರನ್ನು ಕೇಳಿ, ಅವರು ಹೇಳಿದ ಹೆಸರನ್ನೇ 1830ರ ದಶಕದಲ್ಲಿ ಶಾಸ್ತ್ರದ ಹೆಸರಾಗಿ ಇಟ್ಟ ಮೀನುಗಳಲ್ಲಿ ಇದೂ ಒಂದು. ಲೋಣಾವಳೆಯಲ್ಲಿ ಟಾಟಾ ಕಂಪನಿಯ ಕೇಂದ್ರದಲ್ಲಿ ಇದರ ಮರಿ ಮಾಡುವುದನ್ನು ಕಲಿತ ಮೇಲೆ, 1970ರ ದಶಕದಿಂದ ದೇಶದ ಎಷ್ಟೋ ನೀರಿಗೆ ಇದನ್ನು ಬಿಟ್ಟರು. ಒಳ್ಳೆಯದಾಗಲಿ ಎಂದೇ ಬಿಟ್ಟರು. ಕಾವೇರಿಯಲ್ಲಿ ಅದು ಮನೆಯೊಡೆಯನ ಜಾಗವನ್ನೇ ಹಿಡಿಯಿತು. 2012ರ ಹೊತ್ತಿಗೆ, ವನ್ಯಧಾಮದೊಳಗೆ ಗಾಳ ಹಾಕುವುದು ಕಾನೂನಿಗೆ ವಿರುದ್ಧ ಎಂಬ ತೀರ್ಮಾನದಿಂದ ಶಿಬಿರದ ಗಾಳಗಾರಿಕೆ ನಿಂತಿತು. ಅದರ ಸರಿ ತಪ್ಪಿನ ವಾದಕ್ಕೆ ನಾನು ಹೋಗುವುದಿಲ್ಲ. ಆದರೆ ಗಾಳದ ಜೊತೆಗೆ ಪುಸ್ತಕವೂ ಮುಚ್ಚಿತು ಎಂಬುದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ.

ಮಲಪ್ರಭೆಗೆ ಬರೋಣ. ಈಗ ನಮ್ಮ ಸಂತೆಯಲ್ಲಿ ಹೊಳೆಮೀನು ಎಂದು ಮಾರುವ ಕಾಟ್ಲಾ, ರೋಹು, ಮೃಗಾಲ್ ಗಂಗಾ ಬಯಲಿನ ಮೀನುಗಳು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ಸತ್ವವನ್ನು ಚುಚ್ಚಿ ಇಂಥ ಮೀನುಗಳಿಂದ ಕೊಳದಲ್ಲೇ ತತ್ತಿ ಇಡಿಸಿದ ಮೇಲೆ, ಮರಿಯನ್ನು ಬೇಕಾದಷ್ಟು ಮಾಡಿ ಕೆರೆ, ಜಲಾಶಯಗಳಿಗೆ ಬಿತ್ತುವುದು ಸಾಧ್ಯವಾಯಿತು. ಲಕ್ಷಾಂತರ ಮನೆಗಳಿಗೆ ಅದು ಅನ್ನ ಕೊಟ್ಟಿದೆ. ಜಿಲೇಬಿ ಎಂದು ಕರೆಯುವ ತಿಲಾಪಿಯಾ 1952ರಲ್ಲಿ ಭಾರತಕ್ಕೆ ಬಂದ ಆಫ್ರಿಕಾದ ಮೀನು. ಯಾರೂ ಬಿತ್ತಬೇಕಾಗಿಲ್ಲ, ತಾನೇ ಹರಡುತ್ತದೆ. ಆಫ್ರಿಕಾದ ಕ್ಯಾಟ್‌ಫಿಶ್ ಸಾಕುವುದಕ್ಕೆ ನಿಷೇಧವಿದ್ದರೂ ಹೊಂಡಗಳಿಂದ ತಪ್ಪಿಸಿಕೊಂಡು ಅದು ಹಳ್ಳ ಸೇರುತ್ತದೆ. ಇವುಗಳ ನಡುವೆ ಕೃಷ್ಣಾ ಕಣಿವೆಯದೇ ಆದ ಮೀನುಗಳು ಬಾಳಬೇಕು. ಅವುಗಳಿಗೆ ಮರಿ ಬಿತ್ತುವವರಿಲ್ಲ. ಅವು ಉಳಿಯುವುದು ಹೊಳೆಯಲ್ಲಿ ತಾವೇ ಇಟ್ಟ ತತ್ತಿಯಿಂದ ಮಾತ್ರ.

ರವಿವಾರ ಸಂಜೆ ಹಿನ್ನೀರಿನ ದಂಡೆಗೆ ಹೋದರೆ ಒಂದು ಮಾತು ಕೇಳುತ್ತದೆ. “ಏನ್ ಬಿತ್ತೋ ತಮ್ಮಾ?” “ಏನಿಲ್ಲೋ ಕಾಕಾ, ಬರೇ ಜಿಲೇಬಿ.” ಈ ಎರಡು ಮಾತಿನಲ್ಲಿ ವಿಜ್ಞಾನಿಗೆ ಬೇಕಾದ ಅರ್ಧ ಸಂಗತಿ ಇದೆ. ಇನ್ನರ್ಧ, ಎಷ್ಟು ತಾಸಿಗೆ, ಎಷ್ಟುದ್ದದ್ದು, ಯಾವ ಜಾಗದಲ್ಲಿ ಎಂಬುದು. ಅದನ್ನು ಬರೆದಿಡಬೇಕು.

ಹಿಡಿಯುವವರು ಮನಸ್ಸು ಮಾಡಿದರೆ ಹಿಂಡು ಮರಳುತ್ತದೆಯೇ? ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ಪಟ್ಟೆಪಟ್ಟೆಯ ಸ್ಟ್ರೈಪ್ಡ್ ಬಾಸ್ ಎಂಬ ಮೀನು 1980ರ ದಶಕದ ಆರಂಭದಲ್ಲಿ ಕುಸಿದು ಹೋಗಿತ್ತು. ಅಲ್ಲಿ ಈ ಮೀನನ್ನು ಬಹುಪಾಲು ಹಿಡಿಯುವುದು ವಿನೋದದ ಗಾಳದವರೇ. 1984ರಲ್ಲಿ ಕಾನೂನು ಬಂತು, ಕೆಲವು ರಾಜ್ಯಗಳು ಹಿಡಿಯುವುದನ್ನೇ ನಿಲ್ಲಿಸಿದವು, 1995ರಲ್ಲಿ ಹಿಂಡು ಚೇತರಿಸಿತು ಎಂದು ಘೋಷಿಸಿದರು. ಮತ್ತೆ ಹಿಂಡು ಸೊರಗಿದಾಗ 2023ರಲ್ಲಿ ತಂದ ನಿಯಮ ನೋಡಿ: ಕಡಲಲ್ಲಿ 28ರಿಂದ 31 ಇಂಚಿನೊಳಗಿನ ಮೀನನ್ನು ಮಾತ್ರ ಇಟ್ಟುಕೊಳ್ಳಬಹುದು. ಅದಕ್ಕಿಂತ ಸಣ್ಣದನ್ನೂ ಬಿಡಬೇಕು, ದೊಡ್ಡದನ್ನೂ ಬಿಡಬೇಕು. ಸಣ್ಣದು ಹೆಚ್ಚಾಗಿ ಇನ್ನೂ ಒಮ್ಮೆಯೂ ತತ್ತಿ ಇಟ್ಟಿರುವುದಿಲ್ಲ. ದೊಡ್ಡದು ಎಲ್ಲಕ್ಕಿಂತ ಹೆಚ್ಚು ತತ್ತಿ ಇಡುವ ತಾಯಿ. ದೊಡ್ಡ ಮೀನೇ ಬೇಕೆನ್ನುವ ನಮ್ಮ ಆಸೆಗೆ ಇದು ಎದುರಾದರೂ ಮೀನಿನ ಬದುಕಿಗೆ ಒಪ್ಪುವ ನಿಯಮ.

ನಮ್ಮಲ್ಲೂ 1996ರ ಒಳನಾಡು ಮೀನುಗಾರಿಕೆ ಅಧಿನಿಯಮವಿದೆ, ಇಲಾಖೆಯಿದೆ. ಆದರೆ ನಾಲ್ಕು ತಾಲ್ಲೂಕಿನ ಹೊಳೆಯುದ್ದಕ್ಕೂ ಇಲಾಖೆಯ ಮನುಷ್ಯ ನಿಲ್ಲಲಾರ. ದಂಡೆಯಲ್ಲಿ ಹೇಗೂ ನಿಂತಿರುವವರು ಗಾಳದವರು, ಬಲೆಯವರು. ಹಾಗಾಗಿ ನನ್ನ ಮಾತು ಅವರಿಗೆ.

ಹೊಸ ನೀರು ಬಂದಾಗಿನಿಂದ ಆಗಸ್ಟ್ ಮುಗಿಯುವ ತನಕ ಬೈಲಹೊಂಗಲ, ಕಿತ್ತೂರು ಕಡೆಯ ಹೊಳೆಯಲ್ಲಿ, ಅದಕ್ಕೆ ಕೂಡುವ ಹಳ್ಳಗಳ ಬಾಯಲ್ಲಿ ಗಾಳ ಹಾಕಬೇಡಿ. ಉಳಿದ ತಿಂಗಳಲ್ಲಿ ಬೇಕಾದಷ್ಟು ದಿನಗಳಿವೆ. ಗಾಳದ ಎದುರುಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಆಗ ಮೀನಿನ ಬಾಯಿ ಹರಿಯದೆ ಗಾಳ ಬಿಡುತ್ತದೆ. ಬಿಡಬೇಕಾದ ಮೀನನ್ನು ಒಣಗೈಯಲ್ಲಿ ಹಿಡಿಯಬೇಡಿ. ಅದರ ಮೈಮೇಲಿನ ಲೋಳೆ ಅದರ ರಕ್ಷಣೆ, ಒಣಗೈ ತಾಗಿದರೆ ಲೋಳೆ ಕಿತ್ತು ಬರುತ್ತದೆ, ಆ ಜಾಗಕ್ಕೆ ಬೂಷ್ಟು ಹಿಡಿಯುತ್ತದೆ. ಕೈ ತೋಯಿಸಿಕೊಂಡು, ಸಾಧ್ಯವಾದಷ್ಟು ನೀರಿನೊಳಗೇ ಇಟ್ಟು ಗಾಳ ಬಿಡಿಸಿ. ಕಿವಿರಿಗೆ ಬೆರಳು ಹಾಕಿ ಎತ್ತಬೇಡಿ. ಫೋಟೊ ಬೇಕೆಂದರೆ ಗೆಳೆಯ ಮೊದಲೇ ಮೊಬೈಲು ಹಿಡಿದು ನಿಂತಿರಲಿ. ಬಿಡುವಾಗ ಎಸೆಯದೆ, ತಲೆಯನ್ನು ಹರಿವಿನ ಎದುರಿಗೆ ಮಾಡಿ ಹಿಡಿದರೆ ಅದು ಉಸಿರು ತೆಗೆದುಕೊಂಡು ತಾನೇ ಹೋಗುತ್ತದೆ. ತಿಲಾಪಿಯಾ, ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ಮಾತ್ರ ಮತ್ತೆ ನೀರಿಗೆ ಬಿಡಬೇಡಿ.

ಇನ್ನು ಪುಸ್ತಕ. ಶಾಲೆಯ ಮಕ್ಕಳ ನೂರು ಪುಟದ ನೋಟ್‌ಬುಕ್ ಸಾಕು. ದಿನಾಂಕ, ಜಾಗ, ಗಾಳವೋ ಬಲೆಯೋ, ಎಷ್ಟು ತಾಸು, ಯಾವ ಮೀನು, ಉದ್ದ, ಇಟ್ಟುಕೊಂಡೆನೋ ಬಿಟ್ಟೆನೋ. ಉದ್ದ ಅಳೆಯಲು ಶಿಂಪಿಗರ ಟೇಪು. ಮೂತಿಯ ತುದಿಯಿಂದ ಬಾಲ ಕವಲೊಡೆಯುವ ಜಾಗದ ತನಕ ಅಳೆಯಿರಿ, ಎಲ್ಲರೂ ಹಾಗೆಯೇ ಅಳೆದರೆ ಒಬ್ಬರ ಲೆಕ್ಕವನ್ನು ಇನ್ನೊಬ್ಬರದರ ಪಕ್ಕ ಇಡಬಹುದು. ಹೆಸರು ತಿಳಿಯದಿದ್ದರೆ ಟೇಪಿನ ಪಕ್ಕ ಇಟ್ಟು ಫೋಟೊ ತೆಗೆಯಿರಿ, ಬಲೆಯವರನ್ನು ಕೇಳಿ ಅವರು ಹೇಳುವ ಹೆಸರನ್ನೇ ಬರೆಯಿರಿ. ಏನೂ ಬೀಳದ ದಿನವನ್ನೂ ಬಿಡದೆ ಬರೆಯಿರಿ. ಮೂರು ತಾಸು, ಸೊನ್ನೆ ಎಂಬ ಸಾಲಿಗೂ ಹತ್ತು ಮೀನು ಎಂಬ ಸಾಲಿನಷ್ಟೇ ಬೆಲೆ. ವರ್ಷಕ್ಕೊಮ್ಮೆ ಅದರ ಒಂದು ಪ್ರತಿಯನ್ನು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಕೊಡಿ, ಇನ್ನೊಂದನ್ನು ನಿಮ್ಮೂರ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ. ಸವದತ್ತಿಯ ಪುಸ್ತಕ, ಬೈಲಹೊಂಗಲದ ಪುಸ್ತಕ, ರಾಮದುರ್ಗದ ಪುಸ್ತಕ ಒಂದೇ ಮೇಜಿನ ಮೇಲೆ ಸೇರಬೇಕು. ಮರಿ ಬಿತ್ತುವ ಮುನ್ನ, ಯಾವ ಮರಿ, ಎಲ್ಲಿಗೆ, ಎಷ್ಟು ಎಂದು ತೀರ್ಮಾನಿಸುವ ಸಭೆಯಲ್ಲಿ ಅವನ್ನು ತೆರೆದು ನೋಡಬೇಕು.